ಗೆಡ್ ಮತ್ತು ಅವನ ನೆರಳು: ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಟಿಪ್ಪಣಿ

ಉರ್ಸುಲಾ ಲೆ ಗ್ವಿನ್ ಅವರ ಈ ಮಕ್ಕಳ ಕಾದಂಬರಿ ಪ್ರಕಟವಾದದ್ದು 1968ರಲ್ಲಿ. ಮಾಂತ್ರಿಕರ ಶಾಲೆ, ಡ್ರ್ಯಾಗನ್, ಮಾಯಾ ಕೋಟೆ ಎಲ್ಲವೂ ಇವೆ. ಕೊಂದು ಮುಗಿಸಬೇಕಾದ ದುಷ್ಟ ದೊರೆ ಮಾತ್ರ ಇಲ್ಲ. ಹಾಗಾಗಿ ‘ಒಳಿತು ಕೆಡುಕುಗಳ ಹೋರಾಟ’ ಎಂದು ಪರೀಕ್ಷೆಯ ಉತ್ತರ ಆರಂಭಿಸಿದರೆ ಮೊದಲ ಸಾಲಿನಲ್ಲೇ ದಾರಿ ತಪ್ಪುತ್ತದೆ. ಇದು ಒಬ್ಬ ಹುಡುಗನ ಜಂಬ ತಂದಿಟ್ಟ ಅನಾಹುತದ ಕಥೆ.

ಗಾಂಟ್ ದ್ವೀಪದ ಕಂಚುಗಾರನ ಮಗ ಗೆಡ್‌ಗೆ ವಿದ್ಯೆ ಬೇಗ ಒಲಿಯುತ್ತದೆ, ತಾಳ್ಮೆ ಒಲಿಯುವುದಿಲ್ಲ. ಗುರು ಓಗಿಯನ್ ಜೊತೆಗಿನ ಮಳೆಯ ಪ್ರಸಂಗವನ್ನು ಗಮನಿಸಿ. ಸಾಧಾರಣ ಮಾಂತ್ರಿಕನೂ ಮಳೆಮೋಡವನ್ನು ಆಚೆ ಅಟ್ಟಿಬಿಡುತ್ತಾನೆ. ಓಗಿಯನ್ ಮಳೆಯನ್ನು ಅದರ ಪಾಡಿಗೆ ಬಿಟ್ಟು ಮರದಡಿ ಮಲಗುತ್ತಾನೆ. ಶಿಷ್ಯ ತೊಟ್ಟಿಕ್ಕುವ ಪೊದೆಗಳ ನಡುವೆ ಮುಖ ಊದಿಸಿಕೊಂಡು ಕೂರುತ್ತಾನೆ. ಶಕ್ತಿಯಿದ್ದೂ ಬಳಸದಿರುವುದೇ ಪಾಠವೆಂದು ಅವನಿಗೆ ಆಗ ಹೊಳೆಯುವುದಿಲ್ಲ.

ರೋಕ್ ದ್ವೀಪದ ಮಾಂತ್ರಿಕರ ಶಾಲೆಯಲ್ಲಿ ಹಿರಿಯ ವಿದ್ಯಾರ್ಥಿ ಜಾಸ್ಪರ್ ಕೆಣಕಿದನೆಂದು ಗೆಡ್ ಸತ್ತವಳ ಆತ್ಮವನ್ನು ಕರೆಯುತ್ತಾನೆ. ಆಗ ಲೋಕದಲ್ಲಿ ಬಿದ್ದ ಬಿರುಕಿನಿಂದ ನುಗ್ಗಿದ ನೆರಳು ಅವನ ಮುಖವನ್ನು ಸೀಳುತ್ತದೆ. ಬಿರುಕು ಮುಚ್ಚಲು ಹೋಗಿ ಮುದಿ ಮಹಾಮಾಂತ್ರಿಕ ನೆಮ್ಮರ್ಲ್ ಪ್ರಾಣ ತೆರುತ್ತಾನೆ. ಜಾಸ್ಪರ್‌ನನ್ನು ಖಳನಾಯಕನೆಂದು ಬರೆಯಬೇಡಿ. ಅವನು ಕಿಡಿ ಹಚ್ಚಿದನಷ್ಟೇ, ಸಿಡಿಮದ್ದು ಗೆಡ್‌ನ ಒಳಗೇ ಇತ್ತು.

ಈ ಲೋಕದಲ್ಲಿ ನಿಜನಾಮ ಬಲ್ಲವನಿಗೆ ಆ ವ್ಯಕ್ತಿ ಅಧೀನ. ಅದನ್ನು ಎಲ್ಲರೂ ಮುಚ್ಚಿಡುವುದು ಅದಕ್ಕೇ. ಮುಖದಲ್ಲಿ ಗಾಯದ ಕಲೆ ಹೊತ್ತು, ಎಲ್ಲರಿಂದ ದೂರ ಸರಿದಿದ್ದ ಗೆಡ್‌ಗೆ ಗೆಳೆಯ ವೆಚ್ ತಾನಾಗಿಯೇ ‘ಎಸ್ಟಾರಿಯೋಲ್’ ಎಂಬ ತನ್ನ ನಿಜನಾಮ ಹೇಳುತ್ತಾನೆ. ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಪುಟ ಇದೇ. ಸ್ನೇಹದ ಬಗ್ಗೆ ಪ್ರಶ್ನೆ ಬಂದರೆ ಇದನ್ನೇ ಉದಾಹರಿಸಿ.

ಪೆಂಡೋರ್ ದ್ವೀಪದ ಡ್ರ್ಯಾಗನ್ ಯೆವೌಡ್, ನೆರಳಿನ ಹೆಸರು ಹೇಳುತ್ತೇನೆಂದು ಆಸೆ ತೋರಿಸುತ್ತದೆ. ಗೆಡ್ ಒಪ್ಪದೆ ದ್ವೀಪವಾಸಿಗಳ ತಂಟೆಗೆ ಬರುವುದಿಲ್ಲವೆಂಬ ಮಾತನ್ನಷ್ಟೇ ಪಡೆಯುತ್ತಾನೆ. ಜಂಬ ಕರಗಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕೊನೆಗೆ, ಓಡುವುದನ್ನು ಬಿಟ್ಟು ಬೆನ್ನಟ್ಟು ಎಂಬ ಓಗಿಯನ್ ಮಾತಿನಂತೆ ಕಡಲಾಚೆ ನೆರಳನ್ನು ಎದುರಿಸಿ, ಅದನ್ನು ತನ್ನದೇ ಹೆಸರಿನಿಂದ ಕರೆಯುತ್ತಾನೆ: ‘ಗೆಡ್’. ಅಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ, ಇಬ್ಬರೂ ಒಂದಾಗುತ್ತಾರೆ.

ವಿಮರ್ಶೆಯ ಅಂಕಗಳಿಗೆ ಸ್ತ್ರೀಪಾತ್ರಗಳನ್ನು ಎತ್ತಿಕೊಳ್ಳಿ. ಮಾಯಾ ಕೋಟೆಯ ಒಡತಿ ಸೆರೆಟ್ ಗೆಡ್‌ಗೆ ಆಮಿಷ ಒಡ್ಡುವವಳು, ವೆಚ್‌ನ ತಂಗಿ ಯಾರೋಗೆ ಸಿಕ್ಕಿರುವ ಜಾಗ ಕಡಿಮೆ, ರೋಕ್ ಶಾಲೆಗೆ ಹುಡುಗಿಯರಿಗೆ ಪ್ರವೇಶವೇ ಇಲ್ಲ. 1990ರ ‘ಟೆಹಾನು’ ಕಾದಂಬರಿಯಲ್ಲಿ ಲೇಖಕಿಯೇ ಇದೇ ಲೋಕವನ್ನು ಹೆಣ್ಣಿನ ಕಡೆಯಿಂದ ಮತ್ತೆ ನೋಡಿದರು.