ಓದುಗರ ಪ್ರಶ್ನೆ: ನಾಯಿಯ ನರಹುಲಿಗೆ ದಾರ ಕಟ್ಟಬಹುದಾ?

"ನಮ್ಮ ನಾಯಿಯ ಕುತ್ತಿಗೆಯಲ್ಲಿ ನರಹುಲಿ ಜೋತಾಡುತ್ತಿದೆ. ದಾರ ಬಿಗಿದರೆ ಉದುರುತ್ತದಂತೆ, ಕಟ್ಟಲಾ?"

ಬೇಡ. ಕಾರವಾರದವರೂ ಕೇಳುತ್ತಾರೆ, ಶಿರಸಿಯವರೂ ಕೇಳುತ್ತಾರೆ, ಎಷ್ಟು ಸಲ ಹೇಳಿದರೂ ಅದೇ ಪ್ರಶ್ನೆ. ಈ ಸಲ ಕಾರಣ ಸಮೇತ ಬರೆಯುತ್ತೇನೆ.

ವಯಸ್ಸಾದ ನಾಯಿಗೆ ಇಂಥವು ಏಳುವುದು ಮಾಮೂಲು. ಜೋತುಬಿದ್ದ ಚರ್ಮದ ತುಣುಕು, ಚರ್ಮದಡಿ ಮೆತ್ತಗೆ ಜಾರುವ ಕೊಬ್ಬಿನ ಗಂಟು, ಹೆಚ್ಚಿನವು ಏನೂ ತೊಂದರೆ ಕೊಡುವುದಿಲ್ಲ. ಎಳೆಯ ನಾಯಿಗಳ ತುಟಿ, ಬಾಯಲ್ಲಿ ಹೂಕೋಸಿನ ಹಾಗೆ ಏಳುವುದು ವೈರಸ್ಸಿನಿಂದ. ಅದು ಇನ್ನೊಂದು ನಾಯಿಗೆ ಹರಡಬಹುದು, ನಮಗೆ ಹರಡುವುದಿಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ತಾನಾಗಿಯೇ ಹೋಗುತ್ತದೆ.

"ನಮ್ಮಜ್ಜಿ ಕಟ್ಟಿದ್ದರು, ಉದುರಿತ್ತು" ಅನ್ನುವವರಿಗೂ ಇದೇ ಉತ್ತರ. ಹೇಗಿದ್ದರೂ ಹೋಗಲಿದ್ದದ್ದು ಹೋಯಿತು, ಹೆಸರು ದಾರಕ್ಕೆ ಬಂತು. ದಾರ ಬಿಗಿದರೆ ರಕ್ತ ನಿಂತು ಆ ತುಣುಕು ಕೊಳೆಯುತ್ತದೆ, ನಾಯಿಗೆ ನೋವು, ಅದು ಕೆರೆದು ಕೆರೆದು ಗಾಯ ಮಾಡಿಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ಒದ್ದೆ ಕೂದಲಿನ ಗಾಯಕ್ಕೆ ನೊಣ ಕೂತರೆ ಹುಳ ಬೀಳುವುದು ಎಷ್ಟು ಹೊತ್ತಿನ ಮಾತು? ಅದಕ್ಕಿಂತ ಮುಖ್ಯವಾದದ್ದು, ನೀವು ಕಟ್ಟುತ್ತಿರುವುದು ನರಹುಲಿಯೇ ಅಂತ ಹೇಳಿದವರು ಯಾರು? ಮಾಸ್ಟ್ ಸೆಲ್ ಗಡ್ಡೆ ಅನ್ನುವ ಕ್ಯಾನ್ಸರ್ ನೋಡಲು ನರಹುಲಿಯ ಹಾಗೂ ಇರಬಹುದು, ಕೊಬ್ಬಿನ ಗಂಟಿನ ಹಾಗೂ ಇರಬಹುದು. ಅದನ್ನು ಹಿಂಡಿದರೆ ಹಿಸ್ಟಮಿನ್ ಅನ್ನುವ ರಾಸಾಯನಿಕ ಹೊರಬಂದು ಸುತ್ತಲೂ ಕೆಂಪಾಗಿ ಊದಿಕೊಳ್ಳುತ್ತದೆ. ಕೈಯಲ್ಲಿ ಮುಟ್ಟಿ ಯಾರಿಗೂ ಗೊತ್ತಾಗುವುದಿಲ್ಲ, ಡಾಕ್ಟರರಿಗೂ. ಅವರು ಸಣ್ಣ ಸೂಜಿ ಚುಚ್ಚಿ ಜೀವಕೋಶ ತೆಗೆದು ಪರೀಕ್ಷೆ ಮಾಡುತ್ತಾರೆ.

ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದಂತೂ ಬೇಡವೇ ಬೇಡ. ಬೀಜ ಸುಲಿಯುವವರ ಬೆರಳು ಕಪ್ಪಾಗಿ ಸಿಪ್ಪೆ ಏಳುವುದನ್ನು ನೋಡಿದ್ದೀರಿ ಅಲ್ವಾ? ನಾಯಿ ಅದನ್ನು ನೆಕ್ಕುತ್ತದೆ, ನಾಲಿಗೆಯೂ ಸುಡುತ್ತದೆ.

ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದಿಡಿ. ಬೇಗ ದೊಡ್ಡದಾದರೆ, ಬಣ್ಣ ಬದಲಾದರೆ, ರಕ್ತ ಬಂದರೆ ಕಾಯಬೇಡಿ, ತೋರಿಸಿ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. ಗಂಡು ನಾಯಿಯ ಹೊಟ್ಟೆಯಲ್ಲಿ ಎರಡು ಸಾಲಾಗಿರುವ ಪುಟ್ಟ ಗುಳ್ಳೆಗಳು ಉಣುಗು ಅಲ್ಲ, ಮೊಲೆತೊಟ್ಟು. ಗಂಡಿಗೂ ಇರುತ್ತದೆ! ಅದನ್ನು ಚಿಮಟದಲ್ಲಿ ಎಳೆದು ರಕ್ತ ಬರಿಸುವವರಿದ್ದಾರೆ. ಕೂದಲು ಸರಿಸಿ, ಟಾರ್ಚ್ ಹಾಕಿ ನೋಡಿ. ಉಣುಗಿಗೆ ಚರ್ಮದ ಹತ್ತಿರ ಪುಟ್ಟ ಕಾಲುಗಳು ಕಾಣುತ್ತವೆ. ಉಣುಗೇ ಆಗಿದ್ದರೆ ಚಿಮಟವನ್ನು ಚರ್ಮಕ್ಕೆ ತಾಗಿಸಿ ಉಣುಗನ್ನು ಹಿಡಿದು ನೇರ ಮೇಲೆತ್ತಿ. ಬರಿಗೈಯಲ್ಲಿ ಹಿಸುಕಬೇಡಿ, ಶಿರಸಿ, ಸಿದ್ದಾಪುರದ ಕಾಡಂಚಿನವರಿಗೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಬಗ್ಗೆ ನಾನು ಬಿಡಿಸಿ ಹೇಳಬೇಕಿಲ್ಲ.