ಪ್ಲೇಯರ್ ಮತ್ತೆ ಅಪ್‌ಡೇಟ್ ಕೇಳುತ್ತಿದೆ: ಮೀಡಿಯಾ ಸಾಫ್ಟ್‌ವೇರ್ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಹಾಡು ಕೇಳಿಸುತ್ತಿದೆ, ವಿಡಿಯೋ ಓಡುತ್ತಿದೆ. ಮತ್ತೆ ಅಪ್‌ಡೇಟ್ ಯಾಕೆ? ಈ ವಿಷಯ ಓದಲು ಕೂತಾಗ ನನ್ನ ತಲೆಯಲ್ಲಿದ್ದದ್ದು ಇದೊಂದೇ ಪ್ರಶ್ನೆ. ನಾನಂತೂ ಒಂದೂವರೆ ವರ್ಷ ‘ಆಮೇಲೆ ನೆನಪಿಸು’ ಗುಂಡಿಯನ್ನೇ ಒತ್ತಿಕೊಂಡು ಬಂದವನು. ಒಮ್ಮೆ ಗೆಳೆಯ ಒಂದು ಫೈಲ್ ಕಳಿಸಿದ. ದನಿ ಬಂತು, ಪರದೆ ಕಪ್ಪಗೇ ಉಳಿಯಿತು. ಪ್ಲೇಯರ್ ಹಾಳಾಗಿದೆ ಅಂತ ಬೈದುಕೊಂಡೆ. ಹಾಳಾಗಿರಲಿಲ್ಲ, ಹಳತಾಗಿತ್ತು ಅಷ್ಟೇ. ಯಾಕೆ ಅಂತ ಹುಡುಕುತ್ತಾ ಹೋದಾಗ ಬರೆದುಕೊಂಡ ಟಿಪ್ಪಣಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತಿದ್ದೇನೆ.

ಡಬ್ಬಿ ಮತ್ತು ಒಳಗಿನ ಸರಕು

ಫೈಲ್ ಹೆಸರಿನ ಕೊನೆಯಲ್ಲಿ ಎಂಪಿ4, ಎಂಕೆವಿ ಅಂತ ಇರುತ್ತದೆ ಅಲ್ವಾ? ಅದು ಬರೀ ಡಬ್ಬಿಯ ಹೆಸರು. ಕಂಟೇನರ್ ಅನ್ನುತ್ತಾರೆ. ಅದರೊಳಗೆ ಚಿತ್ರ, ದನಿ, ಸಬ್‌ಟೈಟಲ್ ಎಲ್ಲವೂ ಬೇರೆ ಬೇರೆಯಾಗಿ ಇರುತ್ತವೆ. ಚಿತ್ರವನ್ನೂ ದನಿಯನ್ನೂ ಒಂದೊಂದು ವಿಧಾನದಲ್ಲಿ ಒತ್ತಿ ಕಿರಿದು ಮಾಡಿರುತ್ತಾರೆ. ಒತ್ತುವ, ಮತ್ತೆ ಬಿಚ್ಚುವ ಆ ವಿಧಾನವೇ ಕೋಡೆಕ್.

ಒತ್ತುವುದು ಎಷ್ಟು ಅಗತ್ಯ ಅಂತ ಒಂದು ಲೆಕ್ಕ ಹಾಕಿ ನೋಡಿ. ಫುಲ್ ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಒಂದು ಚುಕ್ಕಿಯ ಬಣ್ಣಕ್ಕೆ 3 ಬೈಟ್ ಅಂದುಕೊಂಡರೆ ಒಂದು ಚಿತ್ರಕ್ಕೆ ಸುಮಾರು 62 ಲಕ್ಷ ಬೈಟ್ ಆಯಿತು. ಸೆಕೆಂಡಿಗೆ 25 ಚಿತ್ರ ಅಂದರೆ 15.5 ಕೋಟಿ ಬೈಟ್. ಒಂದು ಗಂಟೆಗೆ ಸುಮಾರು 560 ಜಿಬಿ! ಇದನ್ನು ಯಾವ ಫೋನ್‌ನಲ್ಲಿ ಇಟ್ಟುಕೊಳ್ಳುವುದು, ಯಾವ ನೆಟ್‌ನಲ್ಲಿ ಕಳಿಸುವುದು? ಹಾಗಾಗಿ ಇನ್ನೂ ಚೆನ್ನಾಗಿ ಒತ್ತುವ ವಿಧಾನಕ್ಕೆ ಹುಡುಕಾಟ ನಿಲ್ಲುವುದೇ ಇಲ್ಲ. 2003ರಲ್ಲಿ ಎಚ್.264 ಬಂತು. 2013ರಲ್ಲಿ ಎಚ್.265 ಮತ್ತು ವಿಪಿ9 ಬಂದವು. 2018ರಲ್ಲಿ ಎವಿ1, 2020ರಲ್ಲಿ ಎಚ್.266.

2016ರ ಪ್ಲೇಯರ್‌ಗೆ ಎವಿ1 ಅಂದರೆ ಏನೆಂದೇ ಗೊತ್ತಿರುವುದಿಲ್ಲ. ಡಬ್ಬಿಯನ್ನು ತೆರೆಯುತ್ತದೆ, ದನಿಯ ಕೋಡೆಕ್ ಪರಿಚಿತವಾದರೆ ಅದನ್ನು ಕೇಳಿಸುತ್ತದೆ, ಚಿತ್ರದ ಮುಂದೆ ಕೈಚೆಲ್ಲುತ್ತದೆ. ನನ್ನ ಕಪ್ಪು ಪರದೆಯ ಕಥೆ ಇಷ್ಟೇ. ಹೊಸ ಕೋಡೆಕ್ ಒಮ್ಮೆ ಸೇರಿದರೂ ಕೆಲಸ ಮುಗಿಯುವುದಿಲ್ಲ. ಮೊದಲ ಆವೃತ್ತಿಯಲ್ಲಿ ಬಿಚ್ಚುವ ಕೆಲಸ ನಿಧಾನ, ಫ್ಯಾನ್ ಜೋರಾಗಿ ತಿರುಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಆಮೇಲಿನ ಆವೃತ್ತಿಗಳಲ್ಲಿ ಅದೇ ಫೈಲ್ ಅದೇ ಯಂತ್ರದಲ್ಲಿ ಹಗುರವಾಗಿ ಓಡುತ್ತದೆ. ಎವಿ1 ಬಿಚ್ಚಲು, ವಿಎಲ್‌ಸಿ ಪ್ಲೇಯರ್ ಮಾಡುವ ವಿಡಿಯೋಲ್ಯಾನ್ ತಂಡ ಮುಂದಾಗಿ ರೂಪಿಸಿದ ಡೇವಿಡ್ ಎಂಬ ಡಿಕೋಡರ್ 2018ರಿಂದ ಇದೇ ಹಾದಿಯಲ್ಲಿ ಆವೃತ್ತಿಯಿಂದ ಆವೃತ್ತಿಗೆ ವೇಗ ಹೆಚ್ಚಿಸಿಕೊಂಡು ಬಂದಿದೆ.

ಇಷ್ಟೇ ಕಾರಣವಾಗಿದ್ದರೆ ‘ನನ್ನ ಹಳೇ ಫೈಲ್‌ಗಳು ಓಡುತ್ತಿವೆ, ನನಗೆ ಅಪ್‌ಡೇಟ್ ಬೇಡ’ ಅನ್ನಬಹುದಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ. ಮುಂದಿನ ಭಾಗ ಓದಿದ ಮೇಲೆ ಅಭಿಪ್ರಾಯ ಬದಲಾಯಿತು.

ವಿಡಿಯೋ ಫೈಲ್‌ನಿಂದ ಅಪಾಯ ಹೇಗೆ?

ಪ್ರೋಗ್ರಾಮ್ ಓಡಿಸಿದರೆ ವೈರಸ್ ಬರಬಹುದು ಅಂತ ನಮಗೆಲ್ಲ ಗೊತ್ತು. ವಿಡಿಯೋ ಅಂದರೆ ಸುಮ್ನೆ ನೋಡುವಂಥದ್ದು, ಅದರಿಂದ ಏನಾಗುತ್ತದೆ ಅನ್ನಿಸುತ್ತದೆ. ಆದರೆ ನಾವು ನೋಡುವುದಕ್ಕೆ ಮೊದಲು ಪ್ಲೇಯರ್ ಅದನ್ನು ಓದಬೇಕು. ಫೈಲ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತದೆ: ‘ಮುಂದಿನ ತುಂಡು ಸಬ್‌ಟೈಟಲ್, ಉದ್ದ ಇಷ್ಟು ಬೈಟ್.’ ಪ್ಲೇಯರ್ ಆ ಮಾತನ್ನು ನಂಬಿ ಮೆಮೊರಿಯಲ್ಲಿ ಅಷ್ಟು ಜಾಗ ಕಾದಿರಿಸಿ, ತುಂಡನ್ನು ಅಲ್ಲಿಗೆ ನಕಲು ಮಾಡುತ್ತದೆ. ಫೈಲ್ ಸುಳ್ಳು ಹೇಳಿದರೆ?

ಇಲ್ಲಿ ಒಂದು ತಾಂತ್ರಿಕ ವಿಷಯ ಅರ್ಥ ಮಾಡಿಕೊಳ್ಳಬೇಕು. 32 ಬಿಟ್‌ನಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4,29,49,67,295. ಅದಕ್ಕೆ ಒಂದು ಕೂಡಿಸಿದರೆ ಸೊನ್ನೆಗೆ ಬರುತ್ತದೆ. ಹಳೇ ವಾಹನದ ಮೀಟರ್ 99999 ಆದ ಮೇಲೆ 00000 ತೋರಿಸುತ್ತದಲ್ಲ, ಹಾಗೆ. ಈಗ ಫೈಲ್‌ನಲ್ಲಿ ಎರಡು ಉದ್ದಗಳಿವೆ, ಪ್ಲೇಯರ್ ಎರಡನ್ನೂ ಕೂಡಿಸಿ ಜಾಗ ಕಾದಿರಿಸುತ್ತದೆ ಅಂದುಕೊಳ್ಳಿ. ಕಿಡಿಗೇಡಿಯೊಬ್ಬ ಆ ಎರಡು ಸಂಖ್ಯೆಗಳನ್ನು ಬೇಕೆಂದೇ ದೊಡ್ಡದಾಗಿ ಬರೆದಿಟ್ಟಿದ್ದಾನೆ. ಮೊತ್ತ ಗಡಿ ದಾಟಿ ಸುತ್ತಿ ಬಂದು 20 ಅಂತಲೋ 30 ಅಂತಲೋ ಆಗುತ್ತದೆ. ಪ್ಲೇಯರ್ 30 ಬೈಟ್ ಜಾಗ ಮಾಡಿಕೊಂಡು ಸಾವಿರಾರು ಬೈಟ್ ಸುರಿಯುತ್ತದೆ. ಹೆಚ್ಚಾದದ್ದು ಪಕ್ಕದ ಮೆಮೊರಿಯ ಮೇಲೆ ಹರಿಯುತ್ತದೆ. ಹಾಗೆ ಹರಿದ ಬೈಟ್‌ಗಳನ್ನು ಜಾಣತನದಿಂದ ಜೋಡಿಸಿಟ್ಟಿದ್ದರೆ, ಕಂಪ್ಯೂಟರ್ ಅವನ್ನೇ ಆದೇಶ ಅಂತ ತಿಳಿದು ಪಾಲಿಸುವ ಹಾಗೆ ಮಾಡಬಹುದು. ಮೀಡಿಯಾ ಸಾಫ್ಟ್‌ವೇರ್ ಬಹುಪಾಲು ಸಿ, ಸಿ++ ಭಾಷೆಗಳಲ್ಲಿ ಇದೆ, ವೇಗ ಬೇಕಲ್ಲ. ಆ ಭಾಷೆಗಳು ‘ಜಾಗ ಸಾಕಾ?’ ಅಂತ ತಾವಾಗಿ ಕೇಳುವುದಿಲ್ಲ.

ಇದು ಪುಸ್ತಕದ ಬದನೆಕಾಯಿ ಅನ್ನಿಸಿದರೆ 2015ರ ಸ್ಟೇಜ್‌ಫ್ರೈಟ್ ನೆನಪಿಸಿಕೊಳ್ಳಿ. ಆ್ಯಂಡ್ರಾಯ್ಡ್‌ನಲ್ಲಿ ವಿಡಿಯೋ ಓದುವ ಭಾಗಕ್ಕೆ ಇದ್ದ ಹೆಸರು ಅದು. ಜಿಂಪೇರಿಯಂ ಎಂಬ ಭದ್ರತಾ ಸಂಸ್ಥೆಯ ಜೋಶುವಾ ಡ್ರೇಕ್ ಅದರಲ್ಲಿ ಸರಣಿ ದೋಷಗಳನ್ನು ಕಂಡುಹಿಡಿದರು. ಅವುಗಳಲ್ಲೊಂದು ಮೇಲೆ ಹೇಳಿದ ಥರದ್ದೇ: ಎಂಪಿ4 ಡಬ್ಬಿಯ ಸಬ್‌ಟೈಟಲ್ ತುಂಡಿನ ಉದ್ದ ಕೂಡಿಸುವಾಗ ಮೊತ್ತ ಗಡಿ ದಾಟುತ್ತಿತ್ತು. ಎಂಎಂಎಸ್‌ನಲ್ಲಿ ವಿಡಿಯೋ ಬಂದರೆ ಫೋನ್ ಅದನ್ನು ತಾನೇ ಇಳಿಸಿಕೊಂಡು ಓದಿಬಿಡುತ್ತಿತ್ತು. ಹಾಗಾಗಿ ಬಳಕೆದಾರ ಏನನ್ನೂ ಒತ್ತಬೇಕಾಗಿರಲಿಲ್ಲ, ಫೋನ್ ನಂಬರ್ ಗೊತ್ತಿದ್ದರೆ ಸಾಕಿತ್ತು. ಸುಮಾರು 95 ಕೋಟಿ ಸಾಧನಗಳಿಗೆ ಅಪಾಯ ಇದೆ ಅಂತ ಆಗ ಅಂದಾಜು ಮಾಡಿದ್ದರು.

ನನಗೆ ಇನ್ನೂ ಸ್ವಾರಸ್ಯ ಅನ್ನಿಸಿದ್ದು ಮುಂದಿನ ಬೆಳವಣಿಗೆ. ಆ ಒಂದು ದೋಷಕ್ಕೆ ನಾಲ್ಕೇ ಸಾಲಿನ ತಿದ್ದುಪಡಿ ಬಂತು. ಕೆಲವೇ ದಿನಗಳಲ್ಲಿ ಬೇರೊಂದು ತಂಡ ಅದನ್ನು ಪರೀಕ್ಷಿಸಿ, ಇದು ಪೂರ್ತಿ ಸರಿಯಾಗಿಲ್ಲ, ಒಂದು ಉದ್ದ 64 ಬಿಟ್‌ನದ್ದಾದರೆ ಆ ತಡೆಯನ್ನು ಈಗಲೂ ದಾಟಬಹುದು ಅಂತ ತೋರಿಸಿತು. ತಿದ್ದುಪಡಿಗೆ ಮತ್ತೊಂದು ತಿದ್ದುಪಡಿ! ‘ಹೋದ ವಾರ ತಾನೇ ಅಪ್‌ಡೇಟ್ ಮಾಡಿದ್ದೆ, ಮತ್ತೆ ಬಂತಾ?’ ಅಂತ ಗೊಣಗುವಾಗ ನಾನು ಈಗ ಇದನ್ನು ನೆನಪಿಸಿಕೊಳ್ಳುತ್ತೇನೆ. ಗೂಗಲ್ ತಿಂಗಳಿಗೊಮ್ಮೆ ಭದ್ರತಾ ಅಪ್‌ಡೇಟ್ ಕೊಡುವ ಪದ್ಧತಿ ಶುರು ಮಾಡಿದ್ದು ಅದೇ 2015ರ ಆಗಸ್ಟ್‌ನಲ್ಲಿ. 2016ರ ಆ್ಯಂಡ್ರಾಯ್ಡ್ 7ರಲ್ಲಿ ಮೀಡಿಯಾ ಓದುವ ಕೆಲಸವನ್ನು ಹಲವು ಚಿಕ್ಕ ಭಾಗಗಳಾಗಿ ಒಡೆದು, ಒಂದೊಂದಕ್ಕೂ ಬೇಕಾದಷ್ಟೇ ಅಧಿಕಾರ ಕೊಟ್ಟರು. ಒಂದು ಕೋಣೆಗೆ ಕಳ್ಳ ನುಗ್ಗಿದರೂ ಇಡೀ ಮನೆ ಕೈಗೆ ಸಿಗಬಾರದು ಅನ್ನುವ ಲೆಕ್ಕ.

ಸಬ್‌ಟೈಟಲ್ ಫೈಲ್ ಅಂತೂ ಬರೀ ಅಕ್ಷರ, ಅದನ್ನು ಯಾರೂ ಅನುಮಾನಿಸುವುದಿಲ್ಲ. 2017ರಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಕಿಡಿಗೇಡಿ ಸಬ್‌ಟೈಟಲ್ ಫೈಲ್‌ನಿಂದಲೇ ಕಂಪ್ಯೂಟರ್ ವಶಪಡಿಸಿಕೊಳ್ಳಬಹುದು ಅಂತ ತೋರಿಸಿದರು. ವಿಎಲ್‌ಸಿ, ಕೋಡಿ ಮುಂತಾದ ಪ್ಲೇಯರ್‌ಗಳು ತಿದ್ದುಪಡಿ ಬಿಡುಗಡೆ ಮಾಡಬೇಕಾಯಿತು.

ಎಲ್ಲರ ಮನೆಗೂ ಒಂದೇ ಇಟ್ಟಿಗೆ

ಪ್ಲೇಯರ್ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಕೋಡೆಕ್ ಬಿಚ್ಚಲು ಒಂದು ಲೈಬ್ರರಿ, ಡಬ್ಬಿ ತೆರೆಯಲು ಇನ್ನೊಂದು, ಹೀಗೆ ಸಿದ್ಧ ಭಾಗಗಳನ್ನು ಸೇರಿಸಿಕೊಳ್ಳುತ್ತಾರೆ. ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಶುರು ಮಾಡಿದ ಎಫ್‌ಎಫ್‌ಎಂಪೆಗ್ ಎಂಬ ಇಂಥ ಸಿದ್ಧ ಭಾಗಗಳ ಕಟ್ಟು ಇಂದು ಎಣಿಸಲಾಗದಷ್ಟು ಪ್ಲೇಯರ್, ಎಡಿಟರ್, ಬ್ರೌಸರ್‌ಗಳ ಹೊಟ್ಟೆಯಲ್ಲಿದೆ. ಅಲ್ಲಿ ಒಂದು ದೋಷ ಸಿಕ್ಕರೆ ಅದನ್ನು ಬಳಸುವ ಎಲ್ಲರೂ ಅಪ್‌ಡೇಟ್ ಕೊಡಬೇಕು. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಚಿತ್ರ ಬಿಚ್ಚುವ ಲೈಬ್ರರಿಯಲ್ಲಿ ಅಂಥದ್ದೇ ದೋಷ ಸಿಕ್ಕಿತು. ಕ್ರೋಮ್, ಫೈರ್‌ಫಾಕ್ಸ್ ಜೊತೆಗೆ ಚಾಟ್ ಆ್ಯಪ್‌ಗಳೂ ಒಂದರ ಹಿಂದೆ ಒಂದು ಅಪ್‌ಡೇಟ್ ಆದವು.

ಇದರ ಇನ್ನೊಂದು ಮುಖ 2019ರಲ್ಲಿ ಕಂಡಿತು. ವಿಎಲ್‌ಸಿಯಲ್ಲಿ ಗಂಭೀರ ದೋಷ ಇದೆ ಅಂತ ಜರ್ಮನಿಯ ಸರ್ಕಾರಿ ಭದ್ರತಾ ತಂಡ ಎಚ್ಚರಿಸಿತು, ತಕ್ಷಣ ತೆಗೆದುಹಾಕಿ ಅಂತ ಸುದ್ದಿಗಳು ಓಡಿದವು. ಕೊನೆಗೆ ನೋಡಿದರೆ ದೋಷ ಇದ್ದದ್ದು ಎಂಕೆವಿ ಡಬ್ಬಿ ತೆರೆಯಲು ಬಳಸುವ ಹೊರಗಿನ ಲೈಬ್ರರಿಯಲ್ಲಿ. ಅದು 16 ತಿಂಗಳ ಹಿಂದೆಯೇ ಸರಿಯಾಗಿತ್ತು. ವರದಿ ಮಾಡಿದವರ ಉಬುಂಟುನಲ್ಲಿ (ಲಿನಕ್ಸ್‌ನ ಒಂದು ಬಗೆ) ಹಳೇ ಲೈಬ್ರರಿ ಉಳಿದಿತ್ತು, ಅಷ್ಟೇ. ಅಂದರೆ ಪ್ಲೇಯರ್ ಒಂದನ್ನೇ ಹೊಸದು ಮಾಡಿಕೊಂಡು ಕೂತರೆ ಸಾಲದು, ಲಿನಕ್ಸ್‌ನಲ್ಲಿ ಅಂತೂ ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್‌ನಲ್ಲೇ ಈ ಲೈಬ್ರರಿಗಳು ಬರುವುದು ಜಾಸ್ತಿ.

ಉಳಿದ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ಗ್ರಾಫಿಕ್ಸ್ ಡ್ರೈವರ್ ಬದಲಾಗುತ್ತದೆ. ಆಪರೇಟಿಂಗ್ ಸಿಸ್ಟಂ ಹೊಸದಾಗುತ್ತದೆ. ಪ್ಲೇಯರ್ ಅವಕ್ಕೆ ಹೊಂದಿಕೊಳ್ಳಬೇಕು. ಸ್ಟ್ರೀಮಿಂಗ್ ತಾಣಗಳು ತಮ್ಮ ಒಳರಚನೆ ಬದಲಿಸಿದರೆ ಹಳೇ ಪ್ಲೇಯರ್‌ಗೆ ಕೊಂಡಿ ತೆರೆಯಲು ಬರುವುದಿಲ್ಲ.

ಹಾಗಾದರೆ ಹಾಕಿಕೊಳ್ಳಬೇಕಾ?

ಮೊದಲು ಆವೃತ್ತಿ ಸಂಖ್ಯೆ ನೋಡಿ. 3.0.18 ಇದ್ದದ್ದು 3.0.20 ಆಗುತ್ತಿದ್ದರೆ, ಕೊನೆಯ ಅಂಕಿ ಮಾತ್ರ ಬದಲಾಗಿದೆ. ಸಾಮಾನ್ಯವಾಗಿ ಇವು ದೋಷ ತಿದ್ದುವ ಅಪ್‌ಡೇಟ್‌ಗಳು. ಇವನ್ನು ಅವತ್ತೇ ಹಾಕಿಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ತಡ ಮಾಡಿದಷ್ಟೂ ಅಪಾಯ ಹೆಚ್ಚು, ಯಾಕೆಂದರೆ ತಿದ್ದುಪಡಿ ಬಿಡುಗಡೆಯಾದ ದಿನವೇ ದೋಷ ಎಲ್ಲಿತ್ತು ಅನ್ನುವುದು ಜಗತ್ತಿಗೆ ಗೊತ್ತಾಗುತ್ತದೆ. ಹಳೇ ಕೋಡ್, ಹೊಸ ಕೋಡ್ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಆಮೇಲೆ ಸಿಕ್ಕಿಬೀಳುವವರು ‘ಆಮೇಲೆ ನೆನಪಿಸು’ ಒತ್ತಿದವರೇ.

ಮೊದಲ ಅಂಕಿ ಬದಲಾದರೆ, 3 ಹೋಗಿ 4 ಬಂದರೆ, ಕಥೆ ಬೇರೆ. ಮೆನುಗಳ ಜಾಗ ಬದಲಾಗಬಹುದು, ನೀವು ಬಳಸುತ್ತಿದ್ದ ಪ್ಲಗಿನ್ ನಿಲ್ಲಬಹುದು, ಹಳೇ ಯಂತ್ರಕ್ಕೆ ಬೆಂಬಲವೇ ಇಲ್ಲದಿರಬಹುದು. ಇಲ್ಲಿ ಎರಡು ಮೂರು ವಾರ ಕಾದು ಬೇರೆಯವರ ಅನುಭವ ನೋಡುವುದರಲ್ಲಿ ತಪ್ಪಿಲ್ಲ. ಹಳೇ ಸಾಲಿಗೆ ಭದ್ರತಾ ತಿದ್ದುಪಡಿ ಇನ್ನೂ ಬರುತ್ತಿದೆಯಾ ಅಂತ ಮಾತ್ರ ಖಚಿತ ಮಾಡಿಕೊಳ್ಳಿ.

ವಿಡಿಯೋ ಎಡಿಟ್ ಮಾಡುವವರಿಗೆ ಒಂದು ಕಟ್ಟುನಿಟ್ಟಿನ ಮಾತು: ಪ್ರಾಜೆಕ್ಟ್ ಅರ್ಧದಲ್ಲಿದ್ದಾಗ ದೊಡ್ಡ ಅಪ್‌ಡೇಟ್ ಬೇಡ. ಹೊಸ ಆವೃತ್ತಿಯಲ್ಲಿ ತೆರೆದ ಪ್ರಾಜೆಕ್ಟ್ ಸಾಮಾನ್ಯವಾಗಿ ಹಳೇ ಆವೃತ್ತಿಯಲ್ಲಿ ಮತ್ತೆ ತೆರೆಯುವುದಿಲ್ಲ. ನಾನು ಒಪ್ಪಿಸುವ ಹಿಂದಿನ ರಾತ್ರಿ ಈ ತಪ್ಪು ಮಾಡಿದ್ದೇನೆ. ಜೊತೆಯವರ ಬಳಿ ಹಳೇ ಆವೃತ್ತಿ ಇತ್ತು, ನನ್ನ ಫೈಲ್ ಅವರಲ್ಲಿ ತೆರೆಯಲಿಲ್ಲ, ಮೂರು ಗಂಟೆ ತಲೆ ಚಚ್ಚಿಕೊಂಡೆವು. ಪ್ರಾಜೆಕ್ಟ್‌ನ ನಕಲು ಇಟ್ಟುಕೊಂಡಿದ್ದರೆ ಐದು ನಿಮಿಷದ ಕೆಲಸ.

ಎಲ್ಲ ಅಪ್‌ಡೇಟೂ ನಮ್ಮ ಒಳ್ಳೆಯದಕ್ಕೇ ಅಂತಲೂ ನಂಬಬೇಕಿಲ್ಲ. 2021ರಲ್ಲಿ ದನಿ ಎಡಿಟ್ ಮಾಡುವ ಆಡಾಸಿಟಿ ಎಂಬ ಸಾಫ್ಟ್‌ವೇರ್‌ಗೆ ಬಳಕೆಯ ಮಾಹಿತಿ ಕಲೆಹಾಕುವ ವ್ಯವಸ್ಥೆ ಸೇರಿಸುವ ಪ್ರಸ್ತಾಪ ಬಂದಾಗ ಬಳಕೆದಾರರು ಗಲಾಟೆ ಎಬ್ಬಿಸಿದರು, ಅದನ್ನು ಕೈಬಿಡಬೇಕಾಯಿತು. ಹೊಸ ಆವೃತ್ತಿಯಲ್ಲಿ ಏನು ಬದಲಾಗಿದೆ ಅಂತ ಹೇಳುವ ಬಿಡುಗಡೆ ಟಿಪ್ಪಣಿ ಓದುವ ಚಟ ನನಗೆ ಹತ್ತಿದ್ದು ಈ ಪ್ರಕರಣ ಓದಿದ ಮೇಲೆ.

ಬಾಗಿಲು ತಟ್ಟಿದವರು ಯಾರು?

ಅಪ್‌ಡೇಟ್ ಸಂದೇಶ ಎಲ್ಲಿಂದ ಬಂತು ಅನ್ನುವುದು ಬಹಳ ಮುಖ್ಯ. ಯಾವುದೋ ತಾಣದಲ್ಲಿ ವಿಡಿಯೋ ತೆರೆದಾಗ ‘ನಿಮ್ಮ ಪ್ಲೇಯರ್ ಹಳತಾಗಿದೆ, ಇಲ್ಲಿ ಒತ್ತಿ’, ‘ಈ ಕೋಡೆಕ್ ಬೇಕು, ಇಳಿಸಿಕೊಳ್ಳಿ’ ಅಂತ ಬಂದರೆ ಒತ್ತಲೇಬೇಡಿ. ವೆಬ್ ಪುಟ ನಿಮ್ಮ ಪ್ಲೇಯರ್‌ಗೆ ಅಪ್‌ಡೇಟ್ ಕೊಡುವುದಿಲ್ಲ. ಬ್ರೌಸರ್‌ನಲ್ಲಿ ವಿಡಿಯೋ, ಆಟ ಓಡಿಸಲು ಹಿಂದೆ ಬಳಸುತ್ತಿದ್ದ ಫ್ಲ್ಯಾಶ್ ಪ್ಲೇಯರ್ ಹೆಸರಿನಲ್ಲಿ ವರ್ಷಗಟ್ಟಲೆ ಈ ಮೋಸ ನಡೆಯಿತು. ಅಡೋಬಿ ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಅದರಲ್ಲಿ ಫ್ಲ್ಯಾಶ್ ವಿಷಯ ಓಡದಂತೆ ತಡೆಯಿತು. ಹಾಗಾಗಿ ಇವತ್ತು ಬ್ರೌಸರ್‌ನಲ್ಲಿ ‘ಫ್ಲ್ಯಾಶ್ ಅಪ್‌ಡೇಟ್ ಮಾಡಿ’ ಅನ್ನುವ ಸಂದೇಶ ಸುಳ್ಳು. ಪ್ಲೇಯರ್‌ನ ಸ್ವಂತ ಮೆನು, ತಯಾರಕರ ತಾಣ, ಇಲ್ಲವೇ ಫೋನ್‌ನ ಆ್ಯಪ್ ಸ್ಟೋರ್ ಮೂಲಕ ಮಾತ್ರ ಅಪ್‌ಡೇಟ್ ಮಾಡಿಕೊಳ್ಳಿ.

ಅಪ್‌ಡೇಟ್ ಕೇಳದೇ ತೆಪ್ಪಗಿರುವ ಪ್ಲೇಯರ್ ನನಗೆ ಮೊದಲು ಸಜ್ಜನನಂತೆ ಕಾಣುತ್ತಿತ್ತು. ಆ್ಯಪಲ್‌ನ ಕ್ವಿಕ್‌ಟೈಮ್ ಪ್ಲೇಯರ್‌ನ ವಿಂಡೋಸ್ ಆವೃತ್ತಿಯ ಕಥೆ ಓದಿದ ಮೇಲೆ ಹಾಗೆ ಕಾಣುತ್ತಿಲ್ಲ. 2016ರಲ್ಲಿ ಅದರಲ್ಲಿ ಎರಡು ದೋಷಗಳು ಬಯಲಾದವು, ಆ್ಯಪಲ್ ವಿಂಡೋಸ್ ಆವೃತ್ತಿಯನ್ನು ಕೈಬಿಟ್ಟಿತ್ತು, ತಿದ್ದುಪಡಿ ಬರಲೇ ಇಲ್ಲ. ಕಂಪ್ಯೂಟರ್‌ನಿಂದ ಅದನ್ನು ತೆಗೆದುಹಾಕಿ ಅಂತ ಅಮೆರಿಕ ಸರ್ಕಾರದ ಭದ್ರತಾ ತಂಡವೇ ಸಲಹೆ ಕೊಡಬೇಕಾಯಿತು. ಈ ಟಿಪ್ಪಣಿ ಬರೆಯುತ್ತಾ ನನ್ನ ಲ್ಯಾಪ್‌ಟಾಪ್ ತೆಗೆದು ನೋಡಿದೆ. ನಾಲ್ಕು ಪ್ಲೇಯರ್‌ಗಳಿದ್ದವು. ಎರಡನ್ನು ಮುಟ್ಟಿಯೇ ವರ್ಷಗಳಾಗಿದ್ದವು, ಅದರಲ್ಲಿ ಒಂದಕ್ಕೆ ಹೊಸ ಆವೃತ್ತಿ ಬರುವುದೇ ನಿಂತುಹೋಗಿತ್ತು. ಅವೆರಡನ್ನೂ ತೆಗೆದುಹಾಕಿದೆ, ಉಳಿದೆರಡಕ್ಕೆ ತಾನಾಗಿ ಅಪ್‌ಡೇಟ್ ಆಗುವ ಸೆಟ್ಟಿಂಗ್ ಹಾಕಿದೆ. ಗೆಳೆಯ ಕಳಿಸಿದ ಆ ಫೈಲ್ ಈಗ ಓಡುತ್ತಿದೆ.