ಕಿರುನಾ: ಊರಿಗೆ ಹೊಸ ಜಾಗ ಸಿಕ್ಕಿತು, ಹಿಮಸಾರಂಗಗಳ ದಾರಿಗೆ?

2025ರ ಆಗಸ್ಟ್‌ನಲ್ಲಿ ಸ್ವೀಡನ್ನಿನ ಉತ್ತರ ತುದಿಯ ಕಿರುನಾ ಪಟ್ಟಣದಲ್ಲಿ ಮರದ ಚರ್ಚೊಂದನ್ನು ಇಡಿಯಾಗಿ ಎತ್ತಿ, ಗಾಲಿಗಳ ಮೇಲೆ ಕೂರಿಸಿ, ಎರಡು ದಿನಗಳಲ್ಲಿ 5 ಕಿಲೋಮೀಟರ್ ಆಚೆ ಒಯ್ದರು. 1912ರ ಕಟ್ಟಡ, ತೂಕ 672 ಟನ್. ನೋಡಲು ರಾಜರೇ ಬಂದಿದ್ದರು. ಟಿವಿಯಲ್ಲಿ ನೇರಪ್ರಸಾರವೂ ಇತ್ತು. ಆದರೆ ಅದೇ ಊರಿನ ಪಕ್ಕದಲ್ಲಿ ವರ್ಷಗಳಿಂದ ನಡೆಯುತ್ತಿರುವ ಇನ್ನೊಂದು ತಕರಾರನ್ನು ಅಷ್ಟು ಜನ ನೋಡಲಿಲ್ಲ. ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆ ಸೀಮೆಯ ಮೂಲನಿವಾಸಿಗಳು ಸಾಮಿ ಜನ. 1630ರ ದಶಕದಲ್ಲಿ ನಾಸಾ ಎಂಬ ಬೆಟ್ಟದಲ್ಲಿ ಬೆಳ್ಳಿ ಸಿಕ್ಕಾಗ ಅದಿರು ಸಾಗಿಸಲು ಅವರನ್ನೂ ಅವರ ಹಿಮಸಾರಂಗಗಳನ್ನೂ ಬಲವಂತವಾಗಿ ಹಚ್ಚಿದ್ದರು. ಮುಂದೆ 1890ರಲ್ಲಿ ಕಬ್ಬಿಣದ ಅದಿರು ತೆಗೆಯುವ ಎಲ್‌ಕೆಎಬಿ ಕಂಪನಿ ಹುಟ್ಟಿತು, 1900ರಲ್ಲಿ ಕಿರುನಾ ಪಟ್ಟಣ ಎದ್ದಿತು, ನಾರ್ವೆಯ ನಾರ್ವಿಕ್ ಬಂದರಿಗೆ ರೈಲು ಬಂತು. ಇವತ್ತು ಯುರೋಪ್ ಒಕ್ಕೂಟದಲ್ಲಿ ತೆಗೆಯುವ ಕಬ್ಬಿಣದ ಅದಿರಿನಲ್ಲಿ ಸುಮಾರು 80% ಈ ಸರಕಾರಿ ಕಂಪನಿಯದು.

ಚರ್ಚಿನ ಜೊತೆ ಊರೇ ಜಾಗ ಬದಲಿಸಬೇಕಾದ ಕಾರಣ ನೆಲದ ಒಳಗಿದೆ. ಅದಿರಿನ ಪದರ ಸುಮಾರು 4 ಕಿಲೋಮೀಟರ್ ಉದ್ದದ ದಪ್ಪ ಹಲಗೆಯ ಹಾಗೆ ಓರೆಯಾಗಿ ಊರಿನ ಕೆಳಗೇ ಇಳಿದಿದೆ. ಅದಿರು ತೆಗೆದಂತೆಲ್ಲ ಮೇಲಿನ ಬಂಡೆ ಕುಸಿದು ಆ ಜಾಗ ತುಂಬುತ್ತದೆ. ಕುಸಿತ ಮೇಲೇರಿ ನೆಲ ಬಿರುಕು ಬಿಡುತ್ತದೆ. ಗಣಿಯ ಮುಖ್ಯ ಮಟ್ಟ ಈಗ 1,365 ಮೀಟರ್ ಆಳದಲ್ಲಿದೆ. ಆಳ ಹೆಚ್ಚಿದಷ್ಟೂ ಬಿರುಕು ಪೂರ್ವಕ್ಕೆ, ಮನೆಗಳ ಕಡೆಗೆ ಹರಿಯುತ್ತದೆ. ಊರು ಬಿಟ್ಟುಕೊಡಬೇಕು ಎಂದು ಕಂಪನಿ 2004ರಲ್ಲಿ ತಿಳಿಸಿತು. 2022ರಲ್ಲಿ ಹೊಸ ಪೇಟೆ ಶುರುವಾಯಿತು. ಮನೆ ಕಳೆದುಕೊಂಡವರಿಗೆ ಹೊಸ ಮನೆ, ಇಲ್ಲವೇ ಮಾರುಕಟ್ಟೆ ಬೆಲೆಯ ಜೊತೆಗೆ 25% ಜಾಸ್ತಿ. ಇನ್ನೂ ಸುಮಾರು 6,000 ಜನ ಜಾಗ ಬಿಡಬೇಕಾಗುತ್ತದೆ ಎಂಬ ಸುದ್ದಿ ಚರ್ಚು ಸಾಗಿಸಿದ ತಿಂಗಳೇ ಹೊರಬಂತು. ಹುಟ್ಟಿ ಬೆಳೆದ ಬೀದಿ ಬಿಡುವ ನೋವು ಸಣ್ಣದಲ್ಲ. ಆದರೂ ಮನೆಗೊಂದು ಬೆಲೆ ಕಟ್ಟಬಹುದು.

ವಲಸೆಯ ದಾರಿಗೆ ಹಾಗೆ ಬೆಲೆ ಕಟ್ಟಲು ಆಗುವುದಿಲ್ಲ. ಕಿರುನಾದ ಸುತ್ತ ಹಿಮಸಾರಂಗ ಸಾಕುವ ಸಾಮಿ ಸಮುದಾಯಗಳಲ್ಲಿ ಗಾಬ್ನಾ ಒಂದು. ಬೇಸಿಗೆಯಲ್ಲಿ ಅವರ ಹಿಂಡುಗಳು ನಾರ್ವೆ ಗಡಿಯ ಬೆಟ್ಟಗಳಲ್ಲಿ, ಚಳಿಗಾಲದಲ್ಲಿ ಪೂರ್ವದ ಪೈನ್ ಕಾಡುಗಳಲ್ಲಿ. ಕಾಡಿನ ನೆಲದ ಮೇಲೆ ಬೆಳೆಯುವ ಒಂದು ಬಗೆಯ ಕಲ್ಲುಹೂವೇ ಅವುಗಳ ಚಳಿಗಾಲದ ಮೇವು. ಹಿಮದಡಿಯ ಮೇವನ್ನು ವಾಸನೆಯಿಂದಲೇ ಹುಡುಕಿ, ಗೊರಸಿನಲ್ಲಿ ಕೆದಕಿ ತಿನ್ನುತ್ತವೆ. ಈಗ ನಡುಚಳಿಗಾಲದಲ್ಲೇ ಮಳೆ ಬೀಳುತ್ತದೆ. ಆ ನೀರು ಮತ್ತೆ ಹೆಪ್ಪುಗಟ್ಟಿದರೆ ಮೇವಿನ ಮೇಲೆ ಗಟ್ಟಿ ಮಂಜುಗಡ್ಡೆಯ ಪದರ. ಆಗ ಕೆದಕಲಾಗುವುದಿಲ್ಲ, ಬೇರೆ ಕಾಡು ಹುಡುಕಬೇಕು. ಅದಕ್ಕೇ ಅವರಿಗೆ ಒಂದಲ್ಲ, ನಾಲ್ಕಾರು ಜಾಗ ಬೇಕು, ಅಲ್ಲಿಗೆ ಹೋಗುವ ದಾರಿಯೂ ಬೇಕು.

ವಸಂತದಲ್ಲಿ ಗಬ್ಬದ ಹೆಣ್ಣುಗಳು ಮರಿ ಹಾಕಲು ಬೆಟ್ಟದ ಕಡೆ ಹೊರಡುತ್ತವೆ. ಸದ್ದು, ಜನರ ಓಡಾಟ ಇದ್ದ ಕಡೆ ಅವು ಸುಳಿಯುವುದಿಲ್ಲ. ಲಾರಿಯಲ್ಲಿ ಸಾಗಿಸಬಹುದಲ್ವಾ ಎನ್ನುವವರಿದ್ದಾರೆ. ಕೆಲವೆಡೆ ಸಾಗಿಸುವುದೂ ಉಂಟು. ಆದರೆ ದಾರಿಯುದ್ದಕ್ಕೂ ಮೇಯುತ್ತಲೇ ಅವು ನಡೆಯುವುದು. ಆ ದಾರಿಯೂ ಹುಲ್ಲುಗಾವಲೇ.

ಗಾಬ್ನಾದ ನೆಲವನ್ನು ರೈಲು, ಹೆದ್ದಾರಿ, ಪಟ್ಟಣ, ಗಣಿ ಒಂದೊಂದಾಗಿ ಸೀಳಿವೆ. ಉಳಿದದ್ದು ಕಿರಿದಾದ ಓಣಿ. ಹೀಗಿರುವಾಗ 2023ರ ಜನವರಿಯಲ್ಲಿ ಎಲ್‌ಕೆಎಬಿಯಿಂದ ಹೊಸ ಘೋಷಣೆ ಬಂತು. ಕಿರುನಾ ಪಕ್ಕದ ಪೆರ್ ಗೈಯರ್ ಎಂಬ ನಿಕ್ಷೇಪದಲ್ಲಿ 10 ಲಕ್ಷ ಟನ್ನಿಗೂ ಹೆಚ್ಚು ಅಪರೂಪದ ಲೋಹಗಳ (ರೇರ್ ಅರ್ತ್) ಆಕ್ಸೈಡ್ ಇದೆಯಂತೆ. ಎಲೆಕ್ಟ್ರಿಕ್ ಕಾರಿನ ಮೋಟಾರಿಗೆ, ಗಾಳಿಯಂತ್ರಕ್ಕೆ ಬೇಕಾದ ಆಯಸ್ಕಾಂತಗಳಿಗೆ ಇವೇ ಮೂಲ. ಚೀನಾದ ಮೇಲಿನ ಅವಲಂಬನೆ ತಗ್ಗೀತು ಎಂದು ಯುರೋಪ್ ಸಂಭ್ರಮಿಸಿತು. ಉಳಿದ ಓಣಿಯೂ ಮುಚ್ಚಿಹೋಗುತ್ತದೆ ಎಂದು ಗಾಬ್ನಾದವರು ಹೇಳಿದರು. ಹವಾಮಾನ ಬದಲಾವಣೆಯ ಪೆಟ್ಟು ಮೊದಲು ತಿಂದವರೇ ಅದರ ಪರಿಹಾರಕ್ಕೂ ನೆಲ ಬಿಟ್ಟುಕೊಡಬೇಕಾಗಿದೆ. ಇದು ನ್ಯಾಯವಲ್ಲ.

ಕಾನೂನು ಕೂಡ ಸುಲಭವಿಲ್ಲ. ಸ್ವೀಡನ್ನಿನಲ್ಲಿ ಹಿಮಸಾರಂಗ ಸಾಕಣೆಯೂ ರಾಷ್ಟ್ರೀಯ ಹಿತ, ಖನಿಜವೂ ರಾಷ್ಟ್ರೀಯ ಹಿತ. ಎರಡೂ ಒಂದೇ ಜಾಗ ಕೇಳಿದರೆ ಒಂದನ್ನು ಆರಿಸಬೇಕು. ಜೋಕ್‌ಮೊಕ್ ಪಟ್ಟಣದ ಹತ್ತಿರದ ಗಾಲ್ಲೋಕ್‌ನಲ್ಲಿ 2022ರಲ್ಲಿ ಸರಕಾರ ಆರಿಸಿದ್ದು ಗಣಿಯನ್ನು. ಗಣಿಯಾದ ಅದಿರಿನ ಮೌಲ್ಯದಲ್ಲಿ ಸಾವಿರಕ್ಕೆ ಎರಡು ಪಾಲನ್ನು ಕಾನೂನು ತೆಗೆದಿಡುತ್ತದೆ. ಒಂದೂವರೆ ಭೂಮಾಲೀಕರಿಗೆ, ಅರ್ಧ ಸರಕಾರಕ್ಕೆ. ಸಾಮಿಗಳಿಗೆ ಇರುವುದು ಮೇಯಿಸುವ ಹಕ್ಕು, ಮಾಲೀಕತ್ವವಲ್ಲ. ಹಾಗಾಗಿ ಈ ಪಾಲಿನಲ್ಲಿ ಅವರಿಗೆ ಏನೂ ಇಲ್ಲ.

2025ರ ಮಾರ್ಚ್‌ನಲ್ಲಿ ಯುರೋಪ್ ಒಕ್ಕೂಟ ಪೆರ್ ಗೈಯರ್ ಅನ್ನು ಆಯಕಟ್ಟಿನ ಯೋಜನೆಗಳ ಪಟ್ಟಿಗೆ ಸೇರಿಸಿತು. ಅಂಥ ಗಣಿಗಳ ಅನುಮತಿ 27 ತಿಂಗಳೊಳಗೆ ತೀರ್ಮಾನವಾಗಬೇಕು ಎಂಬುದು ನಿಯಮ. ಅವಸರ ಮಾಡುವ ಮೊದಲು ರಸ್ತೆ, ರೈಲು, ಊರು, ಹಳೇ ಗಣಿ, ಹೊಸ ಗಣಿ ಐದನ್ನೂ ಒಂದೇ ನಕ್ಷೆಯ ಮೇಲಿಟ್ಟು ನೋಡಬೇಕು. ಹಿಂಡು ದಾಟಲು ಎಷ್ಟು ಅಗಲದ ಜಾಗ ಉಳಿಯುತ್ತದೆ ಎಂಬುದನ್ನು ಗಾಬ್ನಾದವರನ್ನು ಜೊತೆಗಿಟ್ಟುಕೊಂಡೇ ಅಳೆಯಬೇಕು. ಅನುಮತಿಯ ಮಾತು ಆಮೇಲೆ.